ಆಡಂಬರಕ್ಕೆ ಐದು ಶಬ್ದ

ಘಟಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಆಶ್ರಮ. ಅಲ್ಲಿ ಅಡವಯ್ಯ ಗುರುಗಳು ಒಂದು ಪದಕೋಶ ಬರೆಯುತ್ತಿದ್ದರು. ಇಂಗ್ಲಿಷಿನ ಶಬ್ದ ಒಂದು ಕಡೆ. ಅದಕ್ಕೆ ನಮ್ಮ ಜನರ ಬಾಯಲ್ಲಿರುವ ಶಬ್ದ ಇನ್ನೊಂದು ಕಡೆ.

ಆಶ್ರಮದಲ್ಲಿರುವವರಿಗೆ ಇಂಗ್ಲಿಷು ಯಾಕೆ ಎಂದು ಬಂದವರು ಕೇಳುತ್ತಿದ್ದರು. ಹೊರಗಿನವರು ಬಂದು ಬಾಗಿಲು ಬಡಿದಾಗಲೇ ನಮ್ಮ ಮನೆಯೊಳಗೆ ಯಾರು ಯಾರು ಇದ್ದಾರೆ ಎಂದು ಎಣಿಸಿ ನೋಡುತ್ತೇವೆ ಎನ್ನುತ್ತಿದ್ದರು ಗುರುಗಳು.

ಶಿಷ್ಯ ಮುರಿಗೆಪ್ಪನಿಗೆ ನಲವತ್ತೆರಡು ವರ್ಷ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವನು, ಕೆಲಸ ಬಿಟ್ಟು ಬಂದು ಮೂರು ವರ್ಷವಾಗಿತ್ತು. ಪದಕೋಶದ ಅರ್ಧ ಕೆಲಸ ಅವನದೇ.

ಒಂದು ಬೆಳಿಗ್ಗೆ ಅವನು ಹೊಸ ಹಾಳೆಯೊಂದನ್ನು ತಂದು ಗುರುಗಳ ಮುಂದಿಟ್ಟ. ಅತಿಯಾಗಿ ತೋರಿಸಿಕೊಳ್ಳುವುದನ್ನು ಹೇಳುವ ಐದು ಇಂಗ್ಲಿಷ್ ಶಬ್ದಗಳು ಅದರಲ್ಲಿದ್ದವು. ಪಾಂಪಸ್, ಪ್ರಿಟೆನ್ಷಸ್, ಆಸ್ಟೆಂಟೇಷಸ್, ಫ್ಲಾಂಬಾಯಂಟ್, ಗಾಡಿ. ಐದರ ಮುಂದೆಯೂ ಅವನು ಒಂದೇ ಶಬ್ದ ಬರೆದಿದ್ದ: ಆಡಂಬರ.

ಗುರುಗಳು ಹಾಳೆಯನ್ನು ಗಟ್ಟಿಯಾಗಿ ಓದಿದರು. ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅಡುಗೆಯ ಗುರಸಿದ್ದವ್ವ ಮೊರ ನಿಲ್ಲಿಸಿದಳು.

"ಗಾಡಿ ಅಂದ್ರ ಬಂಡಿ ಅಲ್ಲೇನ್ರಿ ಅಜ್ಜಾರ? ಬಂಡಿಗೆ ಎಂಥಾ ಆಡಂಬರ?"

"ಅದು ಇಂಗ್ಲಿಷ್ ಗಾಡಿ ಬೇ. ಎತ್ತು ಇಲ್ಲ, ಮಾಸ್ತರನ ಎಳೀಬೇಕು," ಎಂದರು ಗುರುಗಳು.

ಆಮೇಲೆ ಶಿಷ್ಯನ ಕಡೆ ತಿರುಗಿದರು.

"ಐದು ಮಂದಿ ಬಂದಾರ. ಎಲ್ಲಾರನ್ನೂ ಒಂದ ಹೆಸರಲೆ ಕರದರ, ಯಾರು ಓ ಅನ್ನಬೇಕು?"

ವ್ಯತ್ಯಾಸ ಬಹಳ ತೆಳುವಾದದ್ದು ಎಂದ ಮುರಿಗೆಪ್ಪ. ಎಲ್ಲವೂ ಬೇಕಾದದ್ದಕ್ಕಿಂತ ಹೆಚ್ಚು ತೋರಿಸುವುದೇ ಅಲ್ಲವೇ ಎಂದ.

ಹಾಗಿದ್ದರೆ ಅವರೂ ಒಂದೇ ಶಬ್ದಕ್ಕೆ ನಿಲ್ಲಿಸುತ್ತಿದ್ದರು ಎಂದರು ಗುರುಗಳು. ಪುಸ್ತಕ ಮುಚ್ಚಿಡಲು ಹೇಳಿದರು. ಒಂದೊಂದು ಶಬ್ದಕ್ಕೂ ನೀನು ಕಣ್ಣಾರೆ ಕಂಡ ಒಬ್ಬ ಮನುಷ್ಯನನ್ನು ತಂದು ನಿಲ್ಲಿಸು; ಅವನು ತೋರಿಸುವುದು ಅವನ ಹತ್ತಿರ ಇದೆಯೋ ಇಲ್ಲವೋ ನೋಡು; ಯಾರಿಗೆ ತೋರಿಸುತ್ತಾನೆ ಎಂದು ಕೇಳು. ಶಬ್ದ ತಾನಾಗಿ ಬರುತ್ತದೆ.

ಮರುದಿನ ಮುರಿಗೆಪ್ಪ ಹುರುಪಿನಿಂದ ಬಂದ. ನಾಲ್ಕು ಜನ ಸಿಕ್ಕಿದ್ದರು.

ಪಾಂಪಸ್ ಎಂದರೆ ತನ್ನ ಶಾಲೆಯ ಕಮಿಟಿಯ ಅಧ್ಯಕ್ಷ. ಗೇಟು ತೆರೆದಿದ್ದರೂ ಯಾರಾದರೂ ಬಂದು ಕರೆಯುವವರೆಗೆ ಒಳಗೆ ಕಾಲಿಡುತ್ತಿರಲಿಲ್ಲ. ಕುರ್ಚಿ ಅವನದೇ, ಸುಳ್ಳಲ್ಲ. ಆದರೆ ಒಂದು ಕುರ್ಚಿಗೆ ಎರಡು ಕುರ್ಚಿಯಷ್ಟು ನಡೆ. ಅದಕ್ಕೆ ಡೌಲು ಎಂದು ಬರೆದಿದ್ದ.

ಪ್ರಿಟೆನ್ಷಸ್ ಎಂದರೆ ಜೊತೆಯ ಮಾಸ್ತರೊಬ್ಬ. ದಪ್ಪ ದಪ್ಪ ಪುಸ್ತಕ ಬಗಲಲ್ಲಿಟ್ಟುಕೊಂಡು ಬರುತ್ತಿದ್ದ. ಒಂದು ದಿನ ಪುಸ್ತಕ ಕೆಳಗೆ ಬಿದ್ದಾಗ ನೋಡಿದರೆ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಅವನ ಹತ್ತಿರ ಇಲ್ಲದ್ದನ್ನು ತೋರಿಸುತ್ತಿದ್ದ. ಅದು ಸೋಗು.

ಆಸ್ಟೆಂಟೇಷಸ್‌ಗೆ ದೂರ ಹೋಗಬೇಕಾಗಿರಲಿಲ್ಲ. ಇದೇ ಹೊಳೆಗೆ ಮೆಟ್ಟಿಲು ಕಟ್ಟಿಸಿಕೊಟ್ಟ ಸಾಹುಕಾರ ಒಂದೊಂದು ಮೆಟ್ಟಿಲಿಗೂ ತನ್ನ ಹೆಸರು ಕೆತ್ತಿಸಿದ್ದ. ಕೊಟ್ಟದ್ದು ಖರೆ, ನೋಡುವವರಿಲ್ಲದಿದ್ದರೆ ಕೊಡುತ್ತಿರಲಿಲ್ಲ. ಅದು ಬಡಿವಾರ.

"ಪಾಪ, ದಿನಾ ಅವನ ಹೆಸರ ಮ್ಯಾಲ ಕಾಲಿಟ್ಟ ಹೋಗ್ತೀವಿ," ಎಂದು ಗುರುಗಳು ನಕ್ಕರು.

ಫ್ಲಾಂಬಾಯಂಟ್‌ಗೆ ದೊಡ್ಡಾಟದ ರಾಜನ ಪಾತ್ರಧಾರಿ. ಎಲೆ ಅಡಿಕೆ ತರಲು ಹೋದರೂ ಕಿರೀಟ ಹೊತ್ತವನ ಹಾಗೆ ಹೆಗಲು ತಿರುಗಿಸಿ ನಡೆಯುತ್ತಾನೆ. ಬಾವಿಯ ಹತ್ತಿರ ಒಬ್ಬನೇ ಇದ್ದಾಗಲೂ ಮೀಸೆ ತಿರುವಿದ್ದನ್ನು ಮುರಿಗೆಪ್ಪ ನೋಡಿದ್ದ. ನೋಡುವವರು ಬೇಕಾಗಿಲ್ಲ, ಯಾರಿಗೂ ಭಾರವಲ್ಲ. ಅದಕ್ಕೆ ಬೆಡಗು ಎಂದು ಬರೆದಿದ್ದ.

ಗುರುಗಳು ತಲೆಯಾಡಿಸಿದರು. ಐದನೆಯ ಸಾಲು ಖಾಲಿ ಇತ್ತು.

"ಗಾಡಿ?"

ಮುರಿಗೆಪ್ಪ ಪೆನ್ನು ತೆಗೆದು ಅಲ್ಲಿಯೇ ಒಂದು ಶಬ್ದ ಬರೆದ. ಗುರುಗಳು ಕಾದರು.

"ಮನುಷ್ಯಾ ಯಾರು?"

"ನಮ್ಮ ಅಕ್ಕ."

ಅಕ್ಕನ ಹೆಸರು ನೀಲವ್ವ. ಅವನಿಗಿಂತ ಎಂಟು ವರ್ಷ ದೊಡ್ಡವಳು. ಹೊಳೆಯಾಚೆ, ಮಗ್ಗದ ಊರಿನಲ್ಲಿ ನೇಕಾರರಿಗೆ ನೂಲು ಸುತ್ತಿಕೊಟ್ಟು ಬದುಕುತ್ತಿದ್ದಳು. ಗಂಡ ಇಲ್ಲ. ಒಬ್ಬಳು ಮಗಳು, ಪಾರು. ಮುಪ್ಪಿನ ತಾಯಿಯೂ ಅವಳ ಜೊತೆಗೇ ಇದ್ದಳು. ನೀಲವ್ವನಿಗೆ ರಕ್ತದ ಕಾಯಿಲೆ. ಇನ್ನು ಕೆಲವು ತಿಂಗಳು ಎಂದು ಡಾಕ್ಟರು ಹೇಳಿಯಾಗಿತ್ತು.

ಐದು ತಿಂಗಳ ಹಿಂದೆ ಮುರಿಗೆಪ್ಪ ನೋಡಲು ಹೋಗಿದ್ದ. ಮನೆ ತುಂಬ ನೆಂಟರಿದ್ದರು. ಅಕ್ಕ ಗಿಣಿಹಸಿರಿನ ಸೀರೆ ಉಟ್ಟು, ಎರಡೂ ಕೈ ತುಂಬ ಬಳೆ ಹಾಕಿ, ಮುಖಕ್ಕೆ ಪೌಡರ್ ಬಳಿದುಕೊಂಡು ಕೂತಿದ್ದಳು. ಎಲ್ಲರ ಮುಂದೆ ಅವನು ಕೇಳಿದ್ದ: ಇಂಥಾ ಹೊತ್ತಿನಾಗ ಏನಕ್ಕಾ ಈ ಶೋಕಿ? ಶಾಂತ ಇರೋದು ಕಲಿ.

ಅಕ್ಕ ಉತ್ತರ ಕೊಟ್ಟಿರಲಿಲ್ಲ. ಸತ್ಯವನ್ನು ಮುಖಕ್ಕೆ ಹೇಳಿದ ಸಮಾಧಾನದಲ್ಲಿ ಅವನು ಬಸ್ ಹತ್ತಿದ್ದ. ಆಮೇಲೆ ಅವಳಿಂದ ಒಂದು ಫೋನೂ ಬಂದಿರಲಿಲ್ಲ.

ಮುರಿಗೆಪ್ಪ ಇಷ್ಟನ್ನೂ ಹೇಳಿದ. ಗುರುಗಳು ಹಾಳೆಯನ್ನು ಕಣ್ಣಿನ ಹತ್ತಿರ ತಂದುಕೊಂಡರು.

"ಗಾಡಿ ಅನ್ನೂದು ಬಣ್ಣಕ್ಕ ಹೇಳೋ ಮಾತು. ಶೋಕಿ ಅನ್ನೂದು ಮನಸ್ಸಿಗೆ ಹೇಳೋ ಮಾತು. ನೀ ಬಣ್ಣ ನೋಡಿ ಮನಸ್ಸಿಗೆ ಹೆಸರಿಟ್ಟಿ."

ಗುರುಗಳು ಹಾಳೆಯಿಂದ ತಲೆಯೆತ್ತಿದರು.

"ಆಕಿ ಯಾರು ನೋಡಲಿ ಅಂತ ಉಟ್ಟಿದ್ಲು?"

"ಗೊತ್ತಿಲ್ರಿ."

"ಕೇಳಲಿಲ್ಲ?"

"ಇಲ್ರಿ."

ಗುರುಗಳು ಅವನು ಬರೆದ ಶಬ್ದದ ಮೇಲೆ ಬೆರಳಿಟ್ಟರು. "ಇದಕ್ಕ ಗುಡಿಸು ಎಲ್ಲೈತಿ?"

ಮುರಿಗೆಪ್ಪ ಬಗ್ಗಿ ನೋಡಿದ. ಶೋಕಿ ಎಂದು ಬರೆಯಲು ಹೋಗಿ ಶೋಕ ಎಂದು ಬರೆದಿದ್ದ. ಕೈ ತಪ್ಪಿತು ಎಂದು ಪೆನ್ನು ಚಾಚಿದ. ಗುರುಗಳು ಹಾಳೆಯನ್ನು ಹಿಂದಕ್ಕೆ ಸರಿಸಿಕೊಂಡರು.

"ಆಕೀನ್ನ ಕೇಳಿ ಬಾ. ಆಮ್ಯಾಲ ತಿದ್ದು."

ಅವನು ತಕ್ಷಣ ಹೋಗಲಿಲ್ಲ. ಬೇರೆ ಅಕ್ಷರದ ಶಬ್ದಗಳು ಬಾಕಿ ಇವೆ ಎಂದ. ಮಳೆ ಬರುವ ಹಾಗಿದೆ ಎಂದ. ಗುರುಗಳು ಹೊಸ ಹಾಳೆ ಕೊಡಲಿಲ್ಲ. ಹತ್ತು ದಿನ ಅವನು ಬರಿಗೈಯಲ್ಲಿ ಕೂತ. ಹನ್ನೊಂದನೆಯ ದಿನ ಬಸ್ ಹತ್ತಿದ.

ಬೀದಿಯುದ್ದಕ್ಕೂ ಪವರ್‌ಲೂಮಿನ ಸದ್ದು. ಅಕ್ಕನ ಮನೆಯ ಬಾಗಿಲು ತೆರೆದಿತ್ತು.

ಮೂಲೆಯಲ್ಲಿ ಕೌದಿಯ ಮೇಲೆ ತಾಯಿ ಕೂತಿದ್ದಳು. ಯಾರದು ಎಂದು ಕೇಳಿದಳು. ನಾನವ್ವ, ಮುರಿಗೆಪ್ಪ ಎಂದ. ತಾಯಿ ಅವನ ಹೆಗಲಾಚೆ ಎಲ್ಲೋ ನೋಡುತ್ತ, "ಎಲ್ಲಿ?" ಎಂದಳು.

ಅಕ್ಕ ಮಂಚದ ಮೇಲೆ ಮಲಗಿದ್ದಳು. ಬೂದಿ ಬಣ್ಣದ ಹಳೆಯ ಹತ್ತಿ ಸೀರೆ. ಕೈಯಲ್ಲಿ ಒಂದೂ ಬಳೆ ಇಲ್ಲ. ಅವನನ್ನು ನೋಡಿ ನಗಲು ಪ್ರಯತ್ನ ಮಾಡಿದಳು.

"ಬಂದ್ಯಾ? ನೋಡು, ಶಾಂತ ಇರೋದು ಕಲತೀನಿ."

ಚುಚ್ಚಿದ್ದಲ್ಲ. ನಿಜವಾಗಿಯೂ ವರದಿ ಒಪ್ಪಿಸುವವಳ ಹಾಗೆ ಹೇಳಿದಳು.

ಪಾರು ಅವನಿಗೆ ನೀರು ಕೊಟ್ಟು, ಹಿತ್ತಲಿಗೆ ಕರೆದುಕೊಂಡು ಹೋದಳು. ಅಲ್ಲಿ ನಿಂತು ಸಣ್ಣ ದನಿಯಲ್ಲಿ ಎಲ್ಲ ಹೇಳಿದಳು.

ಅಜ್ಜಿಯ ಕಣ್ಣಿನ ನರ ಒಣಗಿದೆ, ಆಪರೇಷನ್ ಮಾಡಿ ಉಪಯೋಗವಿಲ್ಲ ಎಂದು ಡಾಕ್ಟರು ಎರಡು ವರ್ಷದ ಹಿಂದೆಯೇ ಹೇಳಿದ್ದರು; ಆಶ್ರಮ ಸೇರಿದ್ದ ಮುರಿಗೆಪ್ಪನಿಗೆ ಯಾರೂ ತಿಳಿಸಿರಲಿಲ್ಲ. ಅವತ್ತು ಸಂಜೆ ಅವ್ವ ಸುತ್ತಲು ತಂದಿದ್ದ ನೂಲಿನ ಲಡಿಗಳನ್ನು ಒಂದೊಂದಾಗಿ ಅಜ್ಜಿಯ ಮುಖದ ಮುಂದೆ ಹಿಡಿದಳು. ಬಿಳಿ ಹಿಡಿದಳು, ಕಾಣಲಿಲ್ಲ. ಬೂದಿ, ತಿಳಿನೀಲಿ, ಹಾಲುಗೆನೆ ಯಾವುದೂ ಕಾಣಲಿಲ್ಲ. ಗಿಣಿಹಸಿರು ಹಿಡಿದಾಗ ಅಜ್ಜಿ ಕೈ ಚಾಚಿದಳು. ಕುಂಕುಮಗೆಂಪಿಗೂ ಚಾಚಿದಳು.

ಆ ದಿನದಿಂದ ಅವ್ವ ಉಟ್ಟದ್ದು ಆ ಎರಡೇ ಬಣ್ಣ. ಯಾವ ಕೋಣೆಯಲ್ಲಿದ್ದಾಳೆ ಎಂದು ಅಜ್ಜಿಗೆ ಕೇಳಲಿ ಎಂದು ಕೈ ತುಂಬ ಬಳೆ. ಕಾಯಿಲೆ ಬಂದ ಮೇಲೆ ಪೌಡರು. ಬಂದವರು ಎಷ್ಟು ಇಳಿದುಹೋದೆ ನೀಲಾ ಎಂದು ಅಜ್ಜಿಯ ಮುಂದೆ ಅನ್ನಬಾರದು ಎಂದು. ಕಾಯಿಲೆಯ ವಿಷಯ ಅಜ್ಜಿಗೆ ಹೇಳಿರಲಿಲ್ಲ.

"ನೀವು ಅವತ್ತು ಇಂಥಾ ಹೊತ್ತಿನಾಗ ಅಂದ್ರಿ, ಮಾಮಾ. ಎರಡು ತಿಂಗಳು ಅಜ್ಜಿ ಅದನ್ನ ಕೇಳಿದ್ಲು. ಎಂಥಾ ಹೊತ್ತು ನೀಲಾ, ಎಂಥಾ ಹೊತ್ತು ಅಂತ."

ಸೀರೆಗಳನ್ನು ಅವ್ವ ಮರುವಾರವೇ ಓಣಿಯ ಹುಡುಗಿಯರಿಗೆ ಕೊಟ್ಟುಬಿಟ್ಟಳು. ಪಾರು ಜಗಳವಾಡಿದ್ದಳು. ತಮ್ಮ ಓದಿದವನು, ಸುಮ್ಮನೆ ಅಂದಿರಲಾರ ಎಂದಿದ್ದಳು ಅವ್ವ. ಈಗೀಗ ಅಜ್ಜಿಗೆ ಮರವು ಬೇರೆ; ಬಣ್ಣ ಕಾಣದಿದ್ದರೆ, ದನಿ ಕೇಳಿದರೂ ಎದುರಿಗೆ ಯಾರೋ ಇದ್ದಾರೆ ಎಂದು ನಂಬುವುದಿಲ್ಲ.

ಒಳಗಿನಿಂದ ತಾಯಿಯ ದನಿ ಕೇಳಿಸಿತು. ನೀಲಾ, ಎಲ್ಲಿದ್ದಿ? ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಮಂಚ ಅವಳಿಂದ ನಾಲ್ಕು ಮೊಳ ದೂರದಲ್ಲಿತ್ತು. ಪ್ರತಿ ಸಲವೂ ಓಗೊಡುವಷ್ಟು ಉಸಿರು ಅಕ್ಕನಲ್ಲಿ ಇರಲಿಲ್ಲ.

ಮುರಿಗೆಪ್ಪ ಮಂಚದ ಪಕ್ಕ ನೆಲದ ಮೇಲೆ ಕೂತ.

"ಅಕ್ಕಾ, ಅವತ್ತ ಯಾಕ ಹೇಳಲಿಲ್ಲ?"

"ಅವ್ವ ಅಲ್ಲೇ ಕುಂತಿದ್ಲಲ್ಲೋ."

ಉಸಿರು ತೆಗೆದುಕೊಂಡು ಅವಳೇ ಮುಂದುವರಿಸಿದಳು.

"ನೀ ಅಂದಿದ್ದು ಪೂರಾ ಸುಳ್ಳೂ ಅಲ್ಲ ಬಿಡು. ಹಸರ ಸೀರಿ ಉಟ್ಟಾಗ ನನಗೂ ಚಂದ ಅನಸ್ತಿತ್ತು."

ಮುರಿಗೆಪ್ಪ ಎದ್ದು ಹೊರಗೆ ಹೋದ.

ಪೇಟೆಯ ಅಂಗಡಿಯವನು ಅವನ ಬಿಳಿ ಧೋತರ, ಬಿಳಿ ಅಂಗಿ ನೋಡಿ ತಿಳಿ ಬಣ್ಣದ ಸೀರೆಗಳನ್ನು ಬಿಚ್ಚಿದ. ಇವು ಬೇಡ ಎಂದ ಮುರಿಗೆಪ್ಪ. ಅಂಗಡಿಯವನು ಸ್ವಲ್ಪ ಗಾಢವಾದವನ್ನು ತಂದ.

"ಇನ್ನೂ ಢಾಳು ತೋರಸ್ರಿ."

"ಲಗ್ನಕ್ಕೇನ್ರಿ?"

"ಅಲ್ರಿ. ನಮ್ಮ ಅಕ್ಕಗ."

ಒಂದೊಂದೇ ಸೀರೆಯನ್ನು ಬಾಗಿಲ ಬೆಳಕಿಗೆ ಒಯ್ದು, ಕಣ್ಣನ್ನು ಮುಕ್ಕಾಲು ಮುಚ್ಚಿ ನೋಡಿದ. ರೆಪ್ಪೆಗಳ ನಡುವೆ ಕೊನೆಯವರೆಗೂ ಉಳಿಯುವ ಬಣ್ಣ ಯಾವುದು ಎಂದು ಹುಡುಕಿದ. ಅಂಗಡಿಯ ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕರು. ಕೆಂಪಂಚಿನ ಗಿಣಿಹಸಿರು ಸೀರೆ, ಎರಡು ಡಜನ್ ಬಳೆ ಕೊಂಡು ಬಂದ.

ಸೀರೆ ಉಡಿಸಲು ಅಕ್ಕನನ್ನು ನಿಲ್ಲಿಸುವುದು ಆಗಲಿಲ್ಲ. ಪಾರು ಅದನ್ನು ಹೊದಿಕೆಯ ಹಾಗೆ ಮೈಮೇಲೆ ಹರವಿದಳು. ಬಳೆಗಳು ಮುಂಗೈಯಲ್ಲಿ ನಿಲ್ಲದೆ ಮೊಣಕೈಗೆ ಜಾರಿದವು. ಅಕ್ಕ ಕೈಯನ್ನು ಒಂದಿಷ್ಟು ಎತ್ತಿ ಅಲುಗಿಸಿದಳು.

ಮೂಲೆಯಲ್ಲಿ ತಾಯಿ ಮುಖ ತಿರುಗಿಸಿದಳು.

"ಬಂದ್ಯಾ ನೀಲಾ? ಎಲ್ಲಿಗೆ ಹೋಗಿದ್ದಿ ಇಷ್ಟು ದಿನ?"

"ನೂಲು ಕೊಡಾಕ ಹೋಗಿದ್ದೆವ್ವ," ಎಂದಳು ಅಕ್ಕ.

"ಹೇಳಿ ಹೋಗಬಾರದಾ?"

"ಇನ್ಮ್ಯಾಲ ಹೇಳಿ ಹೋಗ್ತೀನಿ."

ಸೀರೆ ತಂದ ಒಂಬತ್ತನೆಯ ದಿನ ಬೆಳಿಗ್ಗೆ ಅಕ್ಕ ಹೋದಳು. ಹೇಳಿ ಹೋಗುವುದು ಆಗಲಿಲ್ಲ.

ತಾಯಿಗೆ ಸುದ್ದಿ ಹೇಳದೆ ಪಕ್ಕದ ಮನೆಯಲ್ಲಿ ಕೂರಿಸಿದರು. ಹೊಸ ಸೀರೆಯನ್ನೂ ಜೊತೆಗೆ ಮಣ್ಣಿಗೆ ಕೊಡಬೇಕು ಎಂದರು ಓಣಿಯ ಹಿರಿಯರು. ಪಾರು ಕೊಡಲಿಲ್ಲ.

ಮರುದಿನ ಅವಳೇ ಅದನ್ನು ಉಟ್ಟಳು. ಎರಡೂ ಕೈಗೆ ಬಳೆ ಹಾಕಿದಳು. ಅಜ್ಜಿಯ ಮುಂದೆ ಅಡುಗೆಮನೆಗೂ ಪಡಸಾಲೆಗೂ ಓಡಾಡತೊಡಗಿದಳು. ನೀಲಾ, ನೀರು ಕೊಡು ಎಂದು ಅಜ್ಜಿ ಕೇಳಿದರೆ ಮಾತಾಡದೆ ಕೊಡುತ್ತಿದ್ದಳು. ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತು, ಮುಖ ತೊಳೆದು ಮತ್ತೆ ಬರುತ್ತಿದ್ದಳು.

ದುಃಖ ಕೇಳಲು ಬಂದ ಹೆಂಗಸರಲ್ಲಿ ಒಬ್ಬಳು ಬಾಗಿಲಲ್ಲೇ ಪಕ್ಕದವಳಿಗೆ ಪಿಸುಗುಟ್ಟಿದ್ದು ಮುರಿಗೆಪ್ಪನ ಕಿವಿಗೆ ಬಿತ್ತು.

"ತಾಯಿ ಸತ್ತು ಒಂದು ದಿನ ಆಗಿಲ್ಲ. ಹುಡುಗಿ ಶೋಕಿ ನೋಡು."

ಅವನು ಬಾಯಿ ತೆರೆದ. ಅವನ ತಾಯಿ ಎದುರಿಗೇ ಕೂತಿದ್ದಳು. ಬಾಯಿ ಮುಚ್ಚಿಕೊಂಡ.

ಮಣ್ಣಾದ ಮೇಲೆ ಹನ್ನೊಂದು ದಿನ ಅಲ್ಲಿದ್ದು ಅವನು ಆಶ್ರಮಕ್ಕೆ ಮರಳಿದ.

ಗುರುಗಳು ಹೊಳೆಯ ಮೆಟ್ಟಿಲಿನ ಮೇಲೆ ಕೂತಿದ್ದರು. ಅವನು ಎರಡು ಮೆಟ್ಟಿಲು ಕೆಳಗೆ ಕೂತು ನಡೆದದ್ದೆಲ್ಲವನ್ನೂ ಹೇಳಿದ.   ಗುರಸಿದ್ದವ್ವ ಅಂಬಲಿ ತಂದಿಟ್ಟು ಹೋದಳು.

ಮುರಿಗೆಪ್ಪ ಹಾಳೆಯನ್ನು ಕೇಳಿದ. ಗುರುಗಳು ಕೊಟ್ಟರು. ಐದನೆಯ ಸಾಲಿನಲ್ಲಿ ಇದ್ದದ್ದನ್ನು ಹೊಡೆದುಹಾಕಿ, ಢಾಳು ಎಂದು ಬರೆದ. ಮುಂದೆ ಮನುಷ್ಯನ ಹೆಸರು ಬರೆಯಲಿಲ್ಲ.

"ಅವ್ವ ಹೆಂಗ ಅದಾಳ?" ಎಂದು ಕೇಳಿದರು ಗುರುಗಳು.

ಉಣ್ಣುತ್ತಾಳೆ, ನಿದ್ದೆ ಮಾಡುತ್ತಾಳೆ ಎಂದ. ಪಾರುವನ್ನೇ ನೀಲಾ ಎಂದುಕೊಂಡಿದ್ದಾಳೆ. ಪಾರು ಕೆಲಸಕ್ಕೆ ಹೋದಾಗ ಮಾತ್ರ ಹುಡುಕುತ್ತಾಳೆ. ಇದು ಒಂದು ಸುಳ್ಳೇ, ಎಷ್ಟು ದಿನ ನಡೆಯುತ್ತದೋ ಗೊತ್ತಿಲ್ಲ. ನಿಲ್ಲಿಸುವುದಕ್ಕೂ ಬಾಯಿ ಬರುವುದಿಲ್ಲ.

"ನಿನ್ನ ಗುರುತು ಹಿಡಿದಳೇನು?"

ಮುರಿಗೆಪ್ಪ ನೀರನ್ನು ನೋಡುತ್ತ ಹೇಳಿದ. 

"ಹನ್ನೊಂದು ದಿನ ಎದುರಿಗೇ ಕುಂತೀನ್ರಿ. ದನಿ ಕೇಳಿದಾಗ ಎಲ್ಲಿ ಅಂತಾಳ. ಸುಮ್ಮನ ಕುಂತ್ರ, ಮುರಿಗ್ಯಾ ಇನ್ನೂ ಬರಲಿಲ್ಲಲ್ಲ ನೀಲಾ ಅಂತ ಪಾರೂನ್ನ ಕೇಳ್ತಾಳ. ಹೊರಡೂಮುಂದ ಕಾಲು ಹಿಡದೆ. ಯಾರಪ್ಪಾ ನೀ ಅಂದ್ಲು."

ಅಲ್ಲಿ ತನ್ನಿಂದ ಯಾರಿಗೂ ಉಪಯೋಗವಿಲ್ಲ ಎಂದ. ಅದಕ್ಕೇ ಬಂದೆ ಎಂದ. ಅಕ್ಕನಿಗೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಇನ್ನು ಅಕ್ಕನೇ ಇಲ್ಲ. ಇಲ್ಲಿಯೇ ಕೂತು ಜಪ ಮಾಡುತ್ತೇನೆ, ಮೌನ ಹಿಡಿಯುತ್ತೇನೆ, ಉಪವಾಸ ಇರುತ್ತೇನೆ. ಯಾವುದು ಎಂದು ನೀವು ಹೇಳಬೇಕು.

ಗುರುಗಳು ಅವನ ಬಿಳಿ ಅಂಗಿ, ಬಿಳಿ ಧೋತರವನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ನಾಳಿ ಮೊದಲನೇ ಬಸ್ಸಿಗೆ ಹೋಗು. ಹೋಗೂಮುಂದ ಪ್ಯಾಟ್ಯಾಗ ಒಂದು ಕೆಂಪಂಗಿ ತಗೊಂಡು ಹಾಕ್ಕೋ."